ಸರದಿ ಕರಗಿಸಿದ್ದು ಯಂತ್ರವಲ್ಲ, ನೀವು ಕಳಿಸಿದ ಹುಡುಗಿ

ಆಸ್ಪತ್ರೆಗಳ ಆಡಳಿತ ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನೀವು ನಿಲ್ಲಿಸಿರುವ ಟೋಕನ್ ಯಂತ್ರದಿಂದ ರೋಗಿಗಳು ಕಾಯುವ ಹೊತ್ತು ಅರ್ಧಕ್ಕರ್ಧ ಇಳಿದಿದೆ ಎಂದು ನಿಮ್ಮ ವಿಭಾಗದ ಅಧ್ಯಯನ ಸಾರಿದೆ. ಆ ಸಂಭ್ರಮದಲ್ಲಿ ನೀವು ಅಲ್ಲಿದ್ದ ವಿಚಾರಣೆ ಕೌಂಟರನ್ನು ಶಾಶ್ವತವಾಗಿ ಮುಚ್ಚುವುದೆಂದೂ, ಇದೇ ಯಂತ್ರವನ್ನು ಉಳಿದ ಆಸ್ಪತ್ರೆಗಳಿಗೂ ಹಂಚುವುದೆಂದೂ ತೀರ್ಮಾನಿಸಿದ್ದೀರಿ. ಅಭಿನಂದನೆಗಳು. ಕಾಯುವ ಹೊತ್ತು ಇಳಿದದ್ದು ನಿಜ, ನಾನೇ ಸಾಕ್ಷಿ. ಆದರೆ ಅದನ್ನು ಇಳಿಸಿದ್ದು ಯಂತ್ರವಲ್ಲ. ಆ ಯಂತ್ರವನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡು ಕೂತಿರು ಎಂದು ನೀವೇ ಕಳಿಸಿದ್ದ ಸಂಶೋಧಕಿ. ಆಕೆ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ನಿಮ್ಮ ಅಧ್ಯಯನ ಗೆದ್ದದ್ದೂ ಅದರಿಂದಲೇ, ಕೆಟ್ಟದ್ದೂ ಅದರಿಂದಲೇ.

ನಾನು ಯಾರು ಎಂದು ಕೇಳುವಿರಿ. ಕಾರು ಓಡಿಸುವುದನ್ನು ಕಲಿಸಿ ಹೊಟ್ಟೆ ಹೊರೆಯುವವನು. ಬೆಳಿಗ್ಗೆ, ಸಂಜೆ ಕಲಿಯುವವರು ಬರುತ್ತಾರೆ, ನಡುವೆ ಬಿಡುವು. ನನ್ನ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ ಆ ಬಿಡುವು ಅವರ ಪಾಲಾಯಿತು. ಪ್ಲಾಸ್ಟರ್ ಬಿಚ್ಚಿದರೂ ಕೈ ಮರಗಟ್ಟಿದಂತಿತ್ತು. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಎಂದರು ವೈದ್ಯರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಸದ್ದುಗದ್ದಲದ ಲೈನಿನಲ್ಲಿ ಮಾತಾಡಿ ಮಾತಾಡಿ ಅವರ ಕಂಠ ಹೇಗಾಗಿದೆಯೆಂದರೆ, ಅಡುಗೆಮನೆಯಿಂದ ಅವರು ಗುಟ್ಟು ಹೇಳಿದರೆ ಮೂರನೇ ಮಹಡಿಯವರು ಹೂಂಗುಟ್ಟುತ್ತಾರೆ.

ಮೊದಲ ದಿನವೇ ನಿಮ್ಮ ಯಂತ್ರಕ್ಕೂ ಅವರಿಗೂ ಜಟಾಪಟಿ ಆಯಿತು. ಅವರನ್ನು ಬಾಗಿಲಲ್ಲಿ ಇಳಿಸಿ ನಾನು ಕಾರು ನಿಲ್ಲಿಸಲು ಹೋಗಿದ್ದೆ. ಹಳೇ ಕೌಂಟರ್ ಇದ್ದ ಕಡೆ ಹಲಗೆ ಹೊಡೆದಿತ್ತು. ಎದುರಿಗೆ ಆಳೆತ್ತರದ ಗಾಜಿನ ಪರದೆ. ಫಿಸಿಯೋಥೆರಪಿ ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ನೀವು ಇಟ್ಟಿರುವ ಹೆಸರು ‘ಪುನರ್ವಸತಿ ಸೇವೆಗಳು’. ನಾನು ಮರಳಿ ಬರುವಷ್ಟರಲ್ಲಿ ಅತ್ತೆ ಟೋಕನ್ ಹಿಡಿದು ಹೆಮ್ಮೆಯಿಂದ ಕೂತಿದ್ದರು. ಸ್ವಲ್ಪ ಹೊತ್ತಿಗೆ ಬಸುರಿಯರ ತಪಾಸಣಾ ಕೊಠಡಿಯಿಂದ ನರ್ಸ್ ಬಂದು ಅದೇ ಸಂಖ್ಯೆ ಕೂಗಿದಳು. ಎಪ್ಪತ್ತೆರಡರ ಅತ್ತೆ ಎದ್ದು ನಿಂತರು. ಹಾಲ್‌ಗೆ ಹಾಲೇ ಹೊಟ್ಟೆ ಹಿಡಿದು ನಕ್ಕಿತು.

“ಅತ್ತೆ, ಏನು ಒತ್ತಿದ್ರಿ?” ಎಂದೆ.

“ಪುನರ್ವಸತಿ ಅಂತ ಇತ್ತು. ಅದು ಮನೆ ಮಠ ಕಳ್ಕೊಂಡವರಿಗೆ ತಾನೆ? ನನಗೆ ನಿಮ್ಮನೆ ಇದೆಯಲ್ಲ. ಕೆಳಗೆ ‘ತಾಯಂದಿರ ಆರೈಕೆ’ ಅಂತಿತ್ತು. ನಾನೂ ತಾಯಿನೇ ಅಲ್ವಾ ಅಳಿಯಂದ್ರೆ?”

ಯಾವ ನ್ಯಾಯಾಲಯದಲ್ಲಿ ಈ ವಾದವನ್ನು ತಳ್ಳಿಹಾಕುತ್ತೀರಿ, ಹೇಳಿ. ಅತ್ತೆ ಮಾತ್ರ ಒಂಚೂರೂ ಬೇಸರ ಮಾಡಿಕೊಳ್ಳದೆ ನರ್ಸಿಗೆ ಹೇಳಿದರು: “ಇರಲಿ ಬಿಡಮ್ಮ. ಈ ವಯಸ್ಸಲ್ಲಿ ನನ್ನ ಮೇಲೆ ಇಷ್ಟು ಭರವಸೆ ಯಾರೂ ಇಟ್ಟಿರ್ಲಿಲ್ಲ.”

ಮತ್ತೆ ಯಂತ್ರದ ಮುಂದೆ ನಿಂತೆವು. ತಾನೇ ಒತ್ತಬೇಕೆಂದು ಅತ್ತೆಯ ಹಟ. ಈ ಸಲ ಅವರ ಎಡಗೈ ಬೆರಳು ಒಣಗಿದ್ದರಿಂದಲೋ ಏನೋ ಪರದೆಗೆ ತಿಳಿಯಲೊಲ್ಲದು. ಹಿಂದೆ ಸಾಲು ಬಾಗಿಲು ದಾಟಿತು. ಆಗ ಪಕ್ಕದ ಕಂಬದ ಬುಡದಿಂದ, ತುಟಿ ಅಲ್ಲಾಡಿಸದೆ ಯಾರೋ ಪಿಸುಗುಟ್ಟಿದರು: “ಅಜ್ಜಿ, ಬೆರಳನ್ನ ಬಾಯಿಂದ ಒಮ್ಮೆ ಊದ್ಕೊಳ್ಳಿ. ಆಮೇಲೆ ಮೇಲಿಂದ ನಾಲ್ಕನೇದು.”

ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಡಿಲಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು, ಗೋಡೆ ನೋಡುತ್ತಿರುವವಳಂತೆ ನಟಿಸುತ್ತಾ ಕೂತಿದ್ದಳು ನಿಮ್ಮ ಸಂಶೋಧಕಿ. ಕೊರಳಲ್ಲಿ ನಿಮ್ಮ ವಿಭಾಗದ ಗುರುತಿನ ಚೀಟಿ.

“ಗಟ್ಟಿಯಾಗಿ ಹೇಳ್ಬಾರ್ದಾ ಮಗಳೇ?” ಎಂದರು ಅತ್ತೆ, ತಾವೇ ಗಟ್ಟಿಯಾಗಿ.

“ನಾನು ಮಾತಾಡೋ ಹಾಗಿಲ್ಲ ಅಜ್ಜಿ. ಸುಮ್ನೆ ನೋಡ್ಬೇಕು ಅಷ್ಟೆ. ಮಾತಾಡಿದ್ರೆ ಅಧ್ಯಯನ ಕೆಡುತ್ತೆ.”

“ನೀನು ಸುಮ್ನಿದ್ರೆ ನನ್ನ ಕೈ ಕೆಡುತ್ತಲ್ಲಮ್ಮ!”

ನಿರ್ದೇಶಕರೇ, ನಿರ್ವಹಣಾ ವಿಜ್ಞಾನದಲ್ಲಿ ಇದಕ್ಕೆ ಏನುತ್ತರವಿದೆಯೋ ನಾನರಿಯೆ. ಆ ಹುಡುಗಿಗೆ ಗೊತ್ತಿದ್ದ ಉತ್ತರ ಒಂದೇ. ಕುರ್ಚಿ ಬಿಟ್ಟು ಎದ್ದಳು. ಅತ್ತೆಯ ಟೋಕನ್ ತೆಗೆದುಕೊಟ್ಟಳು. ಹಿಂದಿದ್ದವರು “ನಮಗೂ ಸ್ವಲ್ಪ” ಎಂದರು. ಅವರಿಗೂ ಕೊಟ್ಟಳು. ಒಮ್ಮೆ ಎದ್ದವಳು ಮತ್ತೆ ಕೂರಲಿಲ್ಲ. ಮುಂದಿನ ವಾರ ನಾವು ಹೋದಾಗ ಅವಳು ಯಂತ್ರದ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ “ಏನಾಗಿದೆ?” ಎಂದು ಕೇಳಿ, ತಾನೇ ಗುಂಡಿ ಒತ್ತಿ, “ಬಲಕ್ಕೆ ಹೋಗಿ, ನೀಲಿ ಬಾಗಿಲು” ಎಂದು ಕಳಿಸುತ್ತಿದ್ದಳು. ತಿಳಿಯದ್ದನ್ನು ನೆಲಮಾಳಿಗೆಗೆ ಓಡಿಹೋಗಿ ಕೇಳಿಕೊಂಡು ಬರುತ್ತಿದ್ದಳು. ಏಕೆಂದರೆ ಹಳೇ ಕೌಂಟರಿನಲ್ಲಿದ್ದ ಅಕ್ಕನನ್ನು ನೀವು ಅಲ್ಲಿ ಹಳೇ ಕಡತಗಳ ನಡುವೆ ಕೂರಿಸಿದ್ದಿರಿ. ಆಸ್ಪತ್ರೆಗೆ ಬರುವವರೆಲ್ಲರಿಗೂ ಆಕೆ ಕೌಂಟರಕ್ಕ. ಹೀಗೆ ಮೇಲೊಬ್ಬಳು, ಕೆಳಗೊಬ್ಬಳು ಸೇರಿ ಆಸ್ಪತ್ರೆಯ ಸರದಿಯನ್ನು ಮಂಜಿನಂತೆ ಕರಗಿಸಿದರು. ಯಂತ್ರ ನಡುವೆ ನಿಂತು ಚೀಟಿ ಉಗುಳಿತು.

ಅಧ್ಯಯನ ಮುಗಿಯಿತು, ಹುಡುಗಿ ಹೋದಳು. ನಿಮ್ಮ ವರದಿ ಹಾಲ್‌ನ ಗೋಡೆಗೆ ಬಂತು, ಯಂತ್ರದ ಹೆಗಲ ಮೇಲೆ ಕೈಯಿಟ್ಟು ನೀವು ತೆಗೆಸಿಕೊಂಡ ಫೋಟೊ ಸಮೇತ. ಅದನ್ನು ಓದಿ ಅತ್ತೆ ಅಲ್ಲಿಂದಲೇ ಹುಡುಗಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. (ನಂಬರನ್ನು ಯಾವಾಗ ಇಸಕೊಂಡಿದ್ದರೋ, ಆ ವಿದ್ಯೆ ಅವರಿಗೆ ಕರಗತ.)

“ನಿನ್ನ ಹೆಸರೇ ಇಲ್ವಲ್ಲೇ ಇದ್ರಲ್ಲಿ?”

“ಹೆಸರು ಬೇಡ ಅಜ್ಜಿ. ನಾನು ಸಹಾಯ ಮಾಡಿದ್ದೆ, ಅಂಕಿ ಅಂಶ ಹಾಗೇ ನಂಬಬೇಡಿ ಅಂತ ಬರೆದಿದ್ದೆ. ಮೊದಲು ಅಡಿಟಿಪ್ಪಣಿಗೆ ತಳ್ಳಿದ್ರು. ಆಮೇಲೆ ಪುಟ ಜಾಸ್ತಿ ಆಯ್ತು ಅಂತ ಅದನ್ನೂ ತೆಗೆದ್ರು.”

“ನಮ್ಮ ಅಳಿಯ ಇದನ್ನ ನಾಲ್ಕು ಜನಕ್ಕೆ ತಿಳಿಯೋ ಹಾಗೆ ಬರೀತಾರೆ. ನಿನಗೇನೂ ತೊಂದ್ರೆ ಇಲ್ಲ ತಾನೆ?”

“ಬರೀಲಿ ಅಜ್ಜಿ. ನಾನು ಬರೆದದ್ದಂತೂ ಯಾರೂ ಓದ್ಲಿಲ್ಲ.”

ಪುಟ ಜಾಸ್ತಿಯಾದರೆ ಫೋಟೊ ತೆಗೆಯಬಹುದಿತ್ತಲ್ಲವೇ, ನಿರ್ದೇಶಕರೇ? ನನ್ನ ಕಾರಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕ್ ಇದೆ. ಕಲಿಯುವವರು ಗಾಬರಿಯಲ್ಲಿ ಆಕ್ಸಿಲರೇಟರ್ ಅದುಮಿದಾಗ ನಾನು ಅದನ್ನು ಒತ್ತುತ್ತೇನೆ. ಗಾಡಿ ನಿಲ್ಲುತ್ತದೆ. ಕಲಿಯುವವರು ಹಣೆ ಒರೆಸಿಕೊಂಡು “ನೋಡಿದ್ರಾ, ನಿಲ್ಸಿಬಿಟ್ಟೆ!” ಎನ್ನುತ್ತಾರೆ. ಹೊಸಬರೆಂದು ನಾನು ಬೆನ್ನು ತಟ್ಟುತ್ತೇನೆ. ಆದರೆ ಅಷ್ಟಕ್ಕೇ ಅವರಿಗೆ ಲೈಸೆನ್ಸ್ ಕೊಡಿಸಿ, ನಾನು ಕಾರಿಂದಿಳಿದು, ಅದೇ ರೀತಿ ಊರಿನ ತುಂಬಾ ಓಡಿಸಿ ಎಂದು ಬಿಡುವುದಿಲ್ಲ. ನೀವು ಬಿಟ್ಟಿದ್ದೀರಿ.

ಬಿಟ್ಟದ್ದರ ಫಲವನ್ನು ಇನ್ನು ಕೇಳಿ. ಹುಡುಗಿ ಹೋದ ಮೇಲೆ ಸರದಿ ಮತ್ತೆ ಬಾಗಿಲ ತನಕ ಬೆಳೆಯಿತು. ಅದು ಬಿಡಿ, ಕಾದು ನಮಗೆ ರೂಢಿಯಿದೆ. ಒಂದು ಮಧ್ಯಾಹ್ನ ನಾವು ಫಿಸಿಯೋಥೆರಪಿ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತಿದ್ದೆವು. ಅತ್ತೆಯ ಪಕ್ಕದಲ್ಲಿ ಅಂಗಿಯ ತುಂಬಾ ಬಣ್ಣದ ಚುಕ್ಕೆಗಳಿದ್ದ ಒಬ್ಬ ಗೋಡೆ ಪೇಂಟರ್ ಬಂದು ಕೂತ. ಎಡತೋಳು ಹಿಡಿದುಕೊಂಡಿದ್ದ.

“ನಿಮಗೂ ಕೈನಾ?” ಎಂದು ಅತ್ತೆ ಮಾತಿಗೆಳೆದರು.

“ಹೂಂ ಅಮ್ಮ. ಆ ಯಂತ್ರದಲ್ಲಿ ‘ನೋವು’ ಅಂತ ಒತ್ತಿದೆ, ಎಲ್ಲಿ ಅಂತ ಮನುಷ್ಯನ ಚಿತ್ರ ತೋರ್ಸ್ತು. ತೋಳು ಒತ್ತಿದೆ. ಇಲ್ಲಿಗೆ ಕಳ್ಸ್ತು.”

“ಬಿದ್ರಾ?”

“ಇಲ್ಲ. ಬೆಳಿಗ್ಗೆಯಿಂದ ಸುಮ್ನೆ ಜಗ್ಗುತ್ತೆ.”

ನಾನು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ ಮೊಬೈಲ್ ನೋಡುತ್ತಿದ್ದೆ. ಅತ್ತೆ ಆತನ ಮುಖ ನೋಡುತ್ತಿದ್ದರು. ತಲೆಯ ಮೇಲೆ ಫ್ಯಾನ್ ಗಿರಗಿರ ತಿರುಗುತ್ತಿತ್ತು, ಆತ ಮಾತ್ರ ನೀರಲ್ಲಿ ಅದ್ದಿ ತೆಗೆದಂತೆ ಬೆವೆತಿದ್ದ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೂತಲ್ಲಿಂದಲೇ ಕಂಠ ಬಿಟ್ಟರು: “ಯಾರಾದ್ರೂ ಬೇಗ ಬನ್ರಪ್ಪಾ! ಇವರಿಗೆ ಕೈ ನೋವಲ್ಲ, ಎದೆ!”

ಆ ಕಂಠ ನೆಲಮಾಳಿಗೆಯ ಮೆಟ್ಟಿಲಿಳಿದು ಕಡತಗಳ ಕೋಣೆಗೂ ಹೋಯಿತು. ಮೊದಲು ಓಡಿ ಬಂದವಳು ಕೌಂಟರಕ್ಕ. ಮೂಲೆಯಲ್ಲಿದ್ದ ಗಾಲಿಕುರ್ಚಿ ಎಳೆದಳು, ನಾನು ಪೇಂಟರನ್ನು ಎತ್ತಿ ಕೂರಿಸಿದೆ, ಅವಳು “ದಾರಿ ಬಿಡಿ” ಎನ್ನುತ್ತಾ ತುರ್ತು ವಿಭಾಗದ ಕಡೆಗೆ ನೂಕಿದಳು. ಹೃದಯಾಘಾತ ಎಂದರು ವೈದ್ಯರು. ಸರಿಯಾದ ಹೊತ್ತಿಗೆ ತಂದಿರಿ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಆತ ಉಳಿದ. ಕೆಲವು ದಿನಗಳ ಮೇಲೆ ಆತನ ಹೆಂಡತಿ ಹಾಲ್‌ನಲ್ಲಿ ನಮ್ಮನ್ನು ಹುಡುಕಿಕೊಂಡು ಬಂದು, ಅತ್ತೆಯ ಎರಡೂ ಕೈ ಹಿಡಿದು, ಏನೋ ಹೇಳಲು ಹೋಗಿ ಅತ್ತುಬಿಟ್ಟಳು. ಮುರಿದಿದ್ದ ಕೈಯನ್ನೂ ಬಿಗಿಯಾಗಿ ಹಿಡಿದಿದ್ದಳು. ಜೀವ ಹೋಗುವಂತೆ ನೋಯುತ್ತಿದ್ದರೂ ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ.

ಇಷ್ಟಾದ ಮೇಲೆ ಕೌಂಟರಕ್ಕನಿಗೆ ಏನು ಸಿಕ್ಕಿತು ಗೊತ್ತೇ? ನಿಮ್ಮ ವಿಭಾಗದಿಂದ ಒಂದು ಮೆಮೊ. ಕೆಲಸದ ವೇಳೆಯಲ್ಲಿ ನಿಗದಿತ ಸ್ಥಾನ ಬಿಟ್ಟು ಹೊರರೋಗಿ ವಿಭಾಗದಲ್ಲಿ ಕಾಣಿಸಿಕೊಂಡದ್ದೇಕೆ ಎಂಬುದಕ್ಕೆ ವಿವರಣೆ ಕೊಡಬೇಕಂತೆ. ಆಕೆ ಅದನ್ನು ನಮಗೆ ಹೇಳುವಾಗ ನಗುತ್ತಿದ್ದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ. “ಏನ್ ಬರೀಲಿ ಹೇಳಿ? ಕೇಳಿಸ್ತು, ಬಂದೆ. ಅಷ್ಟೇ ಅಲ್ವಾ?”

ನಾನು ಸಂಶೋಧನೆಯ ವಿರೋಧಿಯಲ್ಲ. ಅಳೆಯಿರಿ, ಎಣಿಸಿರಿ, ತಂತ್ರಜ್ಞಾನ ತನ್ನಿರಿ. ಚುರುಕಾದ ಹುಡುಗ ಹುಡುಗಿಯರು ಬಂದು ಬೆರಳು ತಾಗಿಸಿ ಚೀಟಿ ಪಡೆದು ಹೋಗುವುದನ್ನು ನೋಡಿ ನಾನೂ ಖುಷಿಪಟ್ಟಿದ್ದೇನೆ. ಆದರೆ ಆಸ್ಪತ್ರೆಗೆ ಬರುವವನು ಸಿನಿಮಾ ಟಿಕೆಟ್‌ಗೆ ಬಂದವನಲ್ಲ. ತನಗೇನಾಗಿದೆ ಎಂಬುದೇ ಅವನಿಗೆ ತಿಳಿಯದು, ಅದಕ್ಕೇ ಬಂದಿದ್ದಾನೆ. ಅವನನ್ನೇ ನಿಲ್ಲಿಸಿ ‘ನಿಮ್ಮ ಸೇವೆಯನ್ನು ಆಯ್ಕೆ ಮಾಡಿ’ ಎಂದರೆ ಏನರ್ಥ? ಯಾರಾದರೊಬ್ಬರು ಮುಖ ನೋಡಿ ಕೇಳಬೇಕು. ನಿಮ್ಮ ಅಧ್ಯಯನ ಕಂಡುಹಿಡಿದದ್ದು ಇದನ್ನೇ. ಒಳ್ಳೆಯ ಫಲಿತಾಂಶ, ಯಾವ ದೊಡ್ಡ ವಿಶ್ವವಿದ್ಯಾಲಯವೂ ಹೆಮ್ಮೆಪಡುವಂಥದ್ದು. ನಿಮ್ಮ ಕೈಗೇ ಬಂದಿತ್ತು, ಪುಟ ಉಳಿಸಲು ಕತ್ತರಿ ಹಾಕಿದಿರಿ.

ಆದ್ದರಿಂದ ನನ್ನ ಬೇಡಿಕೆ. ಮೊದಲು ಆ ಮೆಮೊ ಹಿಂತೆಗೆದುಕೊಳ್ಳಿ. ಈ ವಿಷಯದಲ್ಲಿ ಚೌಕಾಸಿಯಿಲ್ಲ. ಹಲಗೆ ಕಿತ್ತು ಕೌಂಟರ್ ತೆರೆಯಿರಿ, ಕೌಂಟರಕ್ಕನನ್ನು ಬೆಳಕಿಗೆ ಕರೆತನ್ನಿ. ಯಂತ್ರವೂ ಪಕ್ಕದಲ್ಲಿರಲಿ, ಅದರ ಮೇಲೆ ನಮಗೆ ಹಗೆಯಿಲ್ಲ. ಉಳಿದ ಆಸ್ಪತ್ರೆಗಳಿಗೆ ಹಂಚುವ ಮುನ್ನ ಹುಡುಗಿ ಬರೆದದ್ದನ್ನು ಅಚ್ಚು ಮಾಡಿಸಿ, ಅವಳನ್ನೇ ಕರೆಸಿ ಇನ್ನೊಮ್ಮೆ ಅಧ್ಯಯನ ಮಾಡಿಸಿ. ಈ ಸಲ ಬಾಯಿಗೆ ಬೀಗ ಹಾಕದೆ.

ಅವಸರ ಏಕೆಂದರೆ, ಅತ್ತೆಯ ಕೈ ಈಗ ಪೂರ್ತಿ ಗುಣವಾಗಿದೆ. ಇನ್ನು ಬರಬೇಕಿಲ್ಲ ಎಂದು ಫಿಸಿಯೋಥೆರಪಿಯವರು ಕೈಮುಗಿದು ಕಳಿಸಿದ್ದಾರೆ. ಆದರೂ ಅತ್ತೆ ನಿನ್ನೆ ಊಟಕ್ಕೆ ಕೂತಾಗ ಘೋಷಿಸಿದರು: “ಸೋಮವಾರದಿಂದ ಆ ಕೌಂಟರ್ ಮುಂದೆ ಕುರ್ಚಿ ಹಾಕ್ಕೊಂಡು ನಾನೇ ಕೂತ್ಕೋತೀನಿ. ಬಂದವರಿಗೆ ದಾರಿ ಹೇಳೋಕೆ ಯಾರಪ್ಪಣೆ ಬೇಕು?” ಆಸ್ಪತ್ರೆಯ ಕಾವಲಿನವನು ಈಗಾಗಲೇ ಕುರ್ಚಿ ತೆಗೆದಿಟ್ಟಿದ್ದಾನಂತೆ. ನನ್ನ ಹೆಂಡತಿ ಅಮ್ಮನ ಪಕ್ಷ ವಹಿಸಿ ಬುತ್ತಿಗೆ ಡಬ್ಬಿ ಹುಡುಕುತ್ತಿದ್ದಾಳೆ. ತಡೆಯುವ ಶಕ್ತಿ ನನಗಿಲ್ಲ, ಮನಸ್ಸೂ ಇಲ್ಲ. ನಿಮಗಿದ್ದರೆ ಸೋಮವಾರ ಬೆಳಿಗ್ಗೆ ದಯಮಾಡಿಸಿ. ಬಂದ ಕಾರಣವೇನೆಂದು ಅವರೇ ನಿಮ್ಮನ್ನು ಕೇಳುತ್ತಾರೆ, ನಿಧಾನವಾಗಿ, ಮುಖ ನೋಡಿ.

ಇಂತಿ,
ಬರೆಸಿದವರು ಅತ್ತೆ, ಬರೆದವನು ಅಳಿಯ;
ಇದಕ್ಕೂ ಮೆಮೊ ಕೊಡುವುದಿದ್ದರೆ ಅಳಿಯನಿಗೇ ಕೊಡಿ, ಮನೆಯಲ್ಲಿ ಅವನಿಗದು ರೂಢಿಯಾಗಿದೆ.