ಕೂಡುನೋಟದಲ್ಲಿ ಅತ್ತೆಯ ಪಾತ್ರ

ಜಮಖಂಡಿ,
ಫೆಬ್ರವರಿ ಮೂವತ್ತೊಂದು, ೨೧೯೪

ಇಪ್ಪತ್ತೊಂದನೆಯ ಶತಮಾನದಲ್ಲಿ ಕುಳಿತು ಸಿನಿಮಾ, ಸೀರಿಯಲ್, ಕಾದಂಬರಿ ಬರೆಯುತ್ತಿರುವ ಎಲ್ಲರಿಗೂ ನಮಸ್ಕಾರ.

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಗೊತ್ತು. ತಿಂಗಳುಗಳನ್ನು ಮತ್ತೆ ಹಂಚಿದಾಗ, ಪಾಪ ಎಂದು ಫೆಬ್ರವರಿಗೂ ಮೂರು ದಿನ ಕೊಟ್ಟರು. ನನ್ನ ಮಾತುಗಳು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಕನ್ನಡ ಬಂದದ್ದು ಮೈಸೂರಿನ ತವರಿನಿಂದ ಸ್ವಲ್ಪ, ನಿಮ್ಮ ಹಳೆಯ ಸೀರಿಯಲ್‌ಗಳಿಂದ ಬಹಳ. ಇಲ್ಲಿ ಹೊಸದಾಗಿ ಮದುವೆಯಾದವರಿಗೆ ಹಿಂದಂಚೆಯಲ್ಲಿ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ, ಒಂದೇ ಒಂದು ಕಾಗದ ಕಳಿಸುವ ಅವಕಾಶವಿದೆ. ಎಲ್ಲರೂ ಯಾವುದೋ ಮುತ್ತಜ್ಜಿಗೆ ಬರೆದು ಆಶೀರ್ವಾದ ಕೇಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ಸಂಗನಬಸವ ಎಂದು ಅವನ ಹೆಸರು ಬರೆಯುವಾಗಲೇ ನಗು ಬರುತ್ತಿದೆ, ಅಷ್ಟು ಖುಷಿ. ಅವನು ರೊಟ್ಟಿ ಮುರಿಯುವ ರೀತಿ ಎಷ್ಟು ಚೆಂದ, ಚಪ್ಪಲಿ ಹುಡುಕುವ ರೀತಿ ಇನ್ನೂ ಚೆಂದ! ಆದರೂ ಸುಸ್ತಾಗಿದ್ದೇನೆ. ನೆಂಟರ ಓಡಾಟದ ಸುಸ್ತಲ್ಲ, ಅದು ಆಗಲೇ ಇಳಿಯಿತು. ಇದು ಬೇರೆ.

ಮೊದಲ ದಿನ ನಾನು ಮಾಡಿದ ಎಡವಟ್ಟು ಕೇಳಿ. ಸೀರಿಯಲ್‌ಗಳಲ್ಲಿ ಹೆಂಡತಿಯರು ಗಂಡನನ್ನು ಕರೆಯುವಂತೆ ಪಡಸಾಲೆಯಲ್ಲಿ ನಿಂತು ನಾಚಿಕೊಂಡು, "ರೀ..." ಎಂದೆ. ಮಾವ ತಿರುಗಿದರು. ನಾದಿನಿ ತಿರುಗಿದಳು. ಹಾಲು ತಂದವರೂ ತಿರುಗಿ, "ಏನ್ರೀ?" ಎಂದರು. ನನ್ನ ಅತ್ತೆ ನೀಲಗಂಗಮ್ಮ ಅಡುಗೆಮನೆಯಿಂದಲೇ ಕೂಗಿದರು: "ಈ ಮನ್ಯಾಗ ಎಲ್ಲಾರೂ ರೀ ಅದೀವಿ ತಂಗಿ. ನಿನಗ ಯಾವ ರೀ ಬೇಕವಾ?" ಮನೆಯೆಲ್ಲ ನಕ್ಕಿತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅತ್ತೆ ಈ ಊರಿನ ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು. ಅವರ ಬೈಗುಳಕ್ಕೆ ಹೆದರಿಯೇ ಮುರಿದ ಕಾಲು ಕೂಡುತ್ತದೆ ಎಂದು ಜನ ಹೇಳುತ್ತಾರೆ.

ನಮ್ಮ ಮನೆಗಳಲ್ಲಿ ಒಂದು ಗೋಡೆ ಕಥೆಗಾಗಿಯೇ ಇರುತ್ತದೆ. ಅದರಲ್ಲಿ ಬರುವುದು ಒಗ್ಗುಕಥೆ: ನೋಡುವವರಿಗೆ ತಕ್ಕಂತೆ ತಾನೇ ಬದಲಾಗುವ ಕಥೆ. ನಿಮ್ಮ ಕಾಲದವರು ತೆರೆಯ ಮೇಲೆ ತಮ್ಮಂಥ ಒಂದು ಮುಖ ಕಾಣಲೆಂದು ಎಷ್ಟು ಹಂಬಲಿಸಿದರು ಎಂದು ಶಾಲೆಯಲ್ಲಿ ಓದಿದ್ದೇನೆ. ನಮಗೆ ಅದು ಹುಟ್ಟಿನಿಂದಲೇ ಸಿಕ್ಕಿತು. ನಾನು ನೋಡಿದ ಪ್ರತಿ ನಾಯಕಿಗೂ ನನ್ನದೇ ಮೂಗು, ನನ್ನದೇ ಗುಂಗುರು ಕೂದಲು. ಕಾದಂಬರಿ ತೆರೆದರೂ ನಾನೇ. ಚಿಕ್ಕವಳಿದ್ದಾಗ ಕುಣಿದಾಡುತ್ತಿದ್ದೆ, ಈಗ ನನ್ನ ಮುಖ ನೋಡಿ ನೋಡಿ ನನಗೇ ಸಾಕಾಗಿದೆ. ಅದಕ್ಕೇ ಕೂಡುನೋಟಕ್ಕೆ ಅಷ್ಟು ಕಾದಿದ್ದೆ. ಮದುವೆಯ ನಂತರ ಗಂಡ ಹೆಂಡಿರ ನೋಟಗಳನ್ನು ಬೆರೆಸಿ, ಗೋಡೆ ಇಬ್ಬರಿಗೂ, ಅವರ ಮನೆಯವರಿಗೂ ಸೇರಿದ ಕಥೆ ಹೇಳತೊಡಗುತ್ತದೆ. ಕೊನೆಗೂ ಇನ್ನೊಬ್ಬರು ಬರುತ್ತಾರೆ, ಅವನು ಬರುತ್ತಾನೆ ಅಂದುಕೊಂಡೆ.

ಕೂಡುನೋಟದ ಮೊದಲ ಸಂಜೆ ಎಲ್ಲರೂ ಚುರುಮುರಿ ಹಿಡಿದು ಕುಳಿತೆವು. ಆಸ್ಪತ್ರೆಯೊಂದರ ಕಥೆ. ನಾಯಕನಿಗೆ ಸಂಗನಬಸವನದೇ ಹುಬ್ಬು, ಅವನದೇ ನಗು. ಬಾಯಿ ತೆರೆದರೆ ಮಾತ್ರ ನನ್ನ ಮೈಸೂರಿನ ಕಸಿನ್‌ನ ಹಾಗೆ ಮಾತು. ದೊಡ್ಡ ಡಾಕ್ಟರೂ ಹಾಗೆಯೇ. ಆಮೇಲೆ ವಾರ್ಡಿನ ಮೂಲೆಯಿಂದ ಅತ್ತೆಯ ಧಾಟಿಯ ಮಾತು ಕೇಳಿಸಿತು. "ನಮಗೇನ್ ತಿಳಿತೈತ್ರಿ ಸಾಹೇಬ್ರ..." ಎನ್ನುತ್ತ ಕಸ ಗುಡಿಸುವ ಹೆಂಗಸೊಬ್ಬಳು ಎಡವಿ ಬಕೆಟ್ಟಿನೊಳಗೆ ಕಾಲಿಟ್ಟಳು. ಮುಖ ಅತ್ತೆಯದು.

"ಬಂದ್ನೆಲ್ಲಾ ನಾನೂ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. "ಕಸಬರಿಗಿ ಹಿಡಿಯೂದರ ನೆಟ್ಟಗ ಕಲಿಸಬೇಕಿತ್ತ ಇವರು."

ಎಲ್ಲರೂ ನಕ್ಕೆವು. ಮರುದಿನದ ಕಥೆಯಲ್ಲಿ ಅತ್ತೆಯ ಧಾಟಿಯ ಮಾತು ಕುಡುಕನ ಬಾಯಲ್ಲಿತ್ತು. ಅದರ ಮರುದಿನ ಬಸ್ಸಿನಲ್ಲಿ ಜಗಳ ತೆಗೆಯುವವಳ ಬಾಯಲ್ಲಿ. ನಗು ಕಡಿಮೆಯಾಗುತ್ತ ಬಂತು. ಚುರುಮುರಿಯ ಬಟ್ಟಲು ಮುಗಿಯದೆ ಉಳಿಯತೊಡಗಿತು.

ಒಂದು ಬೆಳಿಗ್ಗೆ ಸಂಗನಬಸವ ನನ್ನ ಹತ್ತಿರ ಬಂದು, "ಕಾಫಿ ಕುಡೀತೀಯಾ?" ಎಂದ. ಅಲ್ಲಿಯವರೆಗೆ ಅವನು "ಚಾ ಕುಡೀತಿ ಏನ?" ಎನ್ನುತ್ತಿದ್ದವನು. ನನಗಾಗಿ ಬದಲಾದನೆಂದು ಹುಚ್ಚಿಯ ಹಾಗೆ ಉಬ್ಬಿದೆ. ಅವನು ಅಮ್ಮನ ಜೊತೆಗೂ ಹಾಗೆಯೇ ಮಾತಾಡಿದ. ಅತ್ತೆ ಕೈಯಲ್ಲಿದ್ದ ಹಿಟ್ಟನ್ನು ಬಿಟ್ಟು ಅವನನ್ನೇ ನೋಡಿದರು.

"ಯಾಕೋ, ಗ್ವಾಡಿ ಮ್ಯಾಲಿನ ಹೀರೋ ಆದೇನು?"

"ಹಂಗಲ್ಲಬೇ," ಎಂದವನು ಮತ್ತೆ ತಿದ್ದಿಕೊಂಡು, "ಹಾಗಲ್ಲಮ್ಮ" ಎಂದ.

ಅತ್ತೆ ಹಿಟ್ಟು ಎತ್ತಿಕೊಂಡು ರೊಟ್ಟಿ ತಟ್ಟಿದರು. ಅಂದಿನಿಂದ ನಾನು ಕೋಣೆಗೆ ಕಾಲಿಟ್ಟರೆ ಅವರ ಮಾತು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಊರಿಗೆಲ್ಲ ಕೇಳುವಂತೆ ಬೈಯುವವರು ನನ್ನೆದುರು ಒಂದೊಂದೇ ಪದ ಆರಿಸಿ ಆಡುತ್ತಾರೆ, ನನ್ನ ಧಾಟಿಯಲ್ಲಿ, ತಪ್ಪುತ್ತ.

ಗೋಡೆ ನೋಡಿಕೊಳ್ಳುವ ಕಚೇರಿಗೆ ಹೋಗಿ ಜಗಳವಾಡಿದೆ. ಅಲ್ಲಿದ್ದ ಹೆಂಗಸಿಗೆ ನನ್ನಷ್ಟೇ ಆಯಾಸ. "ಮೇಡಂ, ಗೋಡೆ ತಾನಾಗಿ ಏನೂ ಹುಟ್ಟಿಸಲ್ಲ," ಎಂದಳು. "ಮುಖ ಬದಲಾಯಿಸುತ್ತೆ, ಅಷ್ಟೇ. ಎರಡು ಧಾಟಿ ಸೇರಿದ ಮನೆಯಲ್ಲಿ ಯಾವ ಮಾತಿನವರು ಕಥೆಯಲ್ಲಿ ಎಲ್ಲಿ ನಿಲ್ಲಬೇಕು ಅಂತ ಹಳಬರ ಸಿನಿಮಾ, ಸೀರಿಯಲ್, ಪುಸ್ತಕ ನೋಡಿ ಕಲಿತಿದೆ." ಹಳಬರು ಅಂದರೆ ನೀವು. ನಮ್ಮಲ್ಲಿ ಹೊಸದಾಗಿ ಕಥೆ ಬರೆಯುವವರೇ ಇಲ್ಲ. ಬರೆದರೂ ಗೋಡೆ ಕಲಿಯುವುದನ್ನು ಎಂದೋ ನಿಲ್ಲಿಸಿದೆ. ಯುಗಾದಿಗೆ ನಮ್ಮ ಕೂಡುನೋಟ ಗಟ್ಟಿಯಾಗುತ್ತದೆ, ಆಮೇಲೆ ಬದಲಾಗದು. ನಮಗೆ ಹುಟ್ಟುವ ಮಗು ಆ ಗೋಡೆಯ ಮುಂದೆಯೇ ಬೆಳೆಯುತ್ತದೆ. ಅಜ್ಜಿ ಬಾಯಿ ತೆರೆದರೆ ಸಾಕು, ಅದು ನಗುತ್ತದೆ. ಕೆಟ್ಟ ಮಗು ಎಂದಲ್ಲ. ಅಲ್ಲಿ ನಗಬೇಕು ಎಂದು ಕಲಿತಿರುತ್ತದೆ.

ಗೋಡೆಯನ್ನೇ ಬಂದ್ ಮಾಡಿಬಿಡೋಣ ಎಂದೆ. ಅತ್ತೆಯೇ ಒಪ್ಪಲಿಲ್ಲ. "ಕಥಿ ಇಲ್ದ ಮನ್ಯಾಗ ಹೆಂಗ ಇರೂದವಾ?" ಎಂದರು, ಆ ಒಂದು ಸಲ ಮರೆತು, ತಮ್ಮ ಮಾತಿನಲ್ಲೇ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಈಗ ಬರೆಯುತ್ತಿರುವ ಕಥೆಯಲ್ಲಿ ಜಮಖಂಡಿಯ ಮಾತಾಡುವ ಒಬ್ಬ ಹೆಂಗಸಿಗೆ ಜಾಗ ಕೊಡಿ. ಮಹಾತಾಯಿ ಮಾಡಬೇಡಿ, ದಯವಿಟ್ಟು. ಅದೂ ಗೋಡೆಗೆ ಗೊತ್ತು, ಅಂಥವಳನ್ನು ಮೊದಲರ್ಧದಲ್ಲೇ ಸಾಯಿಸುತ್ತದೆ. ಅವಳು ಎಕ್ಸ್‌ರೇ ನೋಡಲಿ, ಗಂಡನ ಮೇಲೆ ಮುನಿಸಿಕೊಳ್ಳಲಿ, ತಪ್ಪು ಬಸ್ಸು ಹತ್ತಲಿ, ಪ್ರೀತಿಯ ಮಾತಾಡಲಿ, ಬೇಸರವಾದಾಗ ಆಕಳಿಸಲಿ. ಆಗ ಹಿಂದಿನಿಂದ ತಮಾಷೆಯ ಸಂಗೀತ ಹಾಕಬೇಡಿ. ನೀವು ಬರೆದರೆ ಅದು ಇಲ್ಲಿಗೆ ಬಂದು ತಲುಪುತ್ತದೋ ಇಲ್ಲವೋ, ನನಗೆ ನಿಜವಾಗಿ ಗೊತ್ತಿಲ್ಲ.

ಈಗ ಅತ್ತೆ ಆಸ್ಪತ್ರೆಯಿಂದ ಬಂದು ನಾದಿನಿಯ ಜೊತೆ ಯಾರದೋ ಮೊಣಕಾಲಿನ ಕಥೆ ಹೇಳುತ್ತಿದ್ದಾರೆ, ಜೋರಾಗಿ, ನಡುನಡುವೆ ಬೈಯುತ್ತ. ನಾನು ಒಳಗೆ ಹೋಗದೆ ಬಾಗಿಲ ಈಚೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೋದರೆ ಅವರ ಮಾತು ನಿಂತುಬಿಡುತ್ತದೆ.

ನಿಮ್ಮ,
ಪ್ರಣತಿ