ಇಬ್ಬರು ನಿಲ್ಲುವಷ್ಟು ಎತ್ತರ

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ನನ್ನ ಗುಬ್ಬಿಗೆ ಅಮ್ಮನ ಮುತ್ತು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದವಾದರೆ ಸುಮ್ಮನೆ ಓದಲೇಬೇಕು.

ಮುಂದಿನ ತಿಂಗಳು ಬಂದು ಅಪ್ಪನ ಶೆಡ್ಡು ಖಾಲಿ ಮಾಡಿಸೋಣ, ಯಾರಿಗಾದರೂ ಬಾಡಿಗೆಗೆ ಕೊಡೋಣ ಎಂದಿದ್ದೆಯಲ್ಲ, ಆ ಯೋಚನೆ ಬಿಟ್ಟುಬಿಡು. ಶೆಡ್ಡಿನಲ್ಲಿ ಈಗ ಕಾರು ಎತ್ತುವ ಲಿಫ್ಟ್ ನಿಂತಿದೆ. ಎರಡು ಕಂಬದ್ದು, ನೀಲಿ ಬಣ್ಣ. ಹಾಕಿಸಿದವಳು ನಾನು.

ನಿನ್ನ ಹುಬ್ಬು ಈಗ ಎಲ್ಲಿಗೆ ಏರಿದೆ ಎಂದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮೊದಲಿನಿಂದ ಹೇಳುತ್ತೇನೆ, ಕೇಳು.

ಬೆನ್ನು ಹಿಡಿದುಕೊಂಡ ಮೇಲೆ ನಿನ್ನ ಅಪ್ಪ ಶೆಡ್ಡಿನ ಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದರು. ಜೀವಮಾನವೆಲ್ಲ ಕಾರುಗಳ ಅಡಿಯಲ್ಲಿ ಅಂಗಾತ ಮಲಗಿ ದುಡಿದ ಮನುಷ್ಯ. ಇನ್ನು ತಣ್ಣನೆಯ ನೆಲಕ್ಕೆ ಬೆನ್ನು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಕಿಟಕಿಯ ಪಕ್ಕದ ಕುರ್ಚಿ ಹಿಡಿದರು. ಬೀದಿಯಲ್ಲಿ ಕಾರು ಹೋದರೆ, "ಇದರ ಸೈಲೆನ್ಸರ್ ತೂತಾಗಿದೆ", "ಇವನು ಕ್ಲಚ್ ಸುಡ್ತಿದ್ದಾನೆ" ಎಂದು ಗೋಡೆಗೆ ವರದಿ ಒಪ್ಪಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಹೊಲಿಯುತ್ತಾ ಕೂತ ನನಗೂ ಕಾರುಗಳ ಕಾಯಿಲೆಗಳೆಲ್ಲ ಬಾಯಿಪಾಠವಾಗಿಬಿಟ್ಟವು.

ಒಂದು ದಿನ ತಡೆಯಲಾಗದೆ ಕೇಳಿದೆ, ಕಾರು ಮೇಲಿದ್ದು ನೀವು ನಿಂತುಕೊಂಡೇ ಇದ್ದರೆ ಕೆಲಸ ಆಗುತ್ತದೆಯೇ ಎಂದು.

"ಏನು, ಹಗ್ಗ ಕಟ್ಟಿ ನೇತುಹಾಕ್ತೀಯಾ?" ಎಂದು ನಕ್ಕರು.

"ನೇತುಹಾಕಲ್ಲ, ಎತ್ತಿಸ್ತೀನಿ" ಎಂದೆ.

ಲಿಫ್ಟ್ ಕೂರಿಸುವ ಫಿಟ್ಟರ್ ಬಂದವನು ಮೊದಲು ನೆಲಕ್ಕೊಂದು ತೂತು ಕೊರೆದು ನೋಡಿದ. "ಅಮ್ಮಾ, ಈ ನೆಲ ಬರೀ ಮೇಲಿನ ಥಳುಕು. ಇದಕ್ಕೆ ಬೋಲ್ಟು ಹಾಕಿದ್ರೆ ಕಾರು ಏಳಲ್ಲ, ನೆಲವೇ ಎದ್ದು ಬರುತ್ತೆ" ಎಂದ. ಬಾಗಿಲ ಬಳಿ ನಿಂತಿದ್ದ ನಿನ್ನ ಅಪ್ಪನ ಮುಖದಲ್ಲಿ 'ನಾನು ಹೇಳಿರಲಿಲ್ವಾ' ಎನ್ನುವ ಕಳೆ. ಒಡೆಯಿರಿ ಎಂದೆ. ಕಂಬ ಬರುವ ಎರಡು ಕಡೆ ಕೊರೆದು, ಆಳಕ್ಕೆ ತೆಗೆದು, ಕಂಬಿ ಕಟ್ಟಿ ಹೊಸ ಕಾಂಕ್ರೀಟು ತುಂಬಿದರು. ಅದು ಗಟ್ಟಿಯಾಗುವವರೆಗೂ ಬಾಣಂತಿ ಕೂಸನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡೆ, ಹೊತ್ತು ಹೊತ್ತಿಗೆ ನೀರುಣಿಸಿದೆ. ಇಷ್ಟಾದರೂ ಪಕ್ಕದ ಮನೆಯ ಬೆಕ್ಕು ಹಸಿ ಕಾಂಕ್ರೀಟಿನ ಮೇಲೆ ಹೆಜ್ಜೆಯೂರಿಯೇ ಹೋಯಿತು. ಕಾರು ಏರುವುದಕ್ಕೆ ಜಾಗ ಬೇಕೆಂದು ಶೆಡ್ಡಿನ ಅಟ್ಟವನ್ನೂ ತೆಗೆಸಿದೆ. ಅಲ್ಲಿದ್ದ ನಿನ್ನ ಹಳೇ ಸೈಕಲ್ಲು ಈಗ ನನ್ನ ಹೊಲಿಗೆ ಕೋಣೆಯಲ್ಲಿದೆ, ಅದರ ಮೇಲೆ ಬಟ್ಟೆ ನೇತುಹಾಕುತ್ತಿದ್ದೇನೆ, ಬೈಯಬೇಡ.

ಕಂಬ ನಿಲ್ಲಿಸುವ ದಿನ ನಿನ್ನ ಅಪ್ಪ ಕುರ್ಚಿಯನ್ನೇ ಶೆಡ್ಡಿಗೆ ಎಳೆದುಕೊಂಡು ಬಂದರು. ಕೂತಲ್ಲಿಂದಲೇ, "ಎಡಗಡೇದು ಹೊರಕ್ಕೆ ವಾಲಿದೆ" ಎಂದರು. ಫಿಟ್ಟರ್ ಮಟ್ಟಗೋಲು ಹಿಡಿದು ನೋಡಿದ, ಕೂದಲೆಳೆಯಷ್ಟು ವಾಲಿತ್ತು. ಅಡಿಗೆ ತೆಳು ತಗಡು ಕೊಟ್ಟು ಸರಿಮಾಡಿದ. ಅಲ್ಲಿಂದ ಮುಂದೆ ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ, ಎಲ್ಲಕ್ಕೂ "ಯಜಮಾನ್ರೇ, ಇದು ಸರೀನಾ?" ಎಂದೇ ಕೇಳಿದ. ಆ ಕುರ್ಚಿ ಮತ್ತೆ ಕಿಟಕಿಯ ಬಳಿ ಹೋಗಿಲ್ಲ.

ಮೊದಲು ಎತ್ತಿದ್ದು ನಮ್ಮದೇ ಮುದಿ ಕಾರನ್ನು. ನಾಲ್ಕು ತೋಳುಗಳನ್ನು ಕಾರಿನಡಿಗೆ ತಿರುಗಿಸಿ, ಯಾವ ಜಾಗಕ್ಕೆ ಆನಿಸಿದರೆ ಬಾಡಿ ಭಾರ ತಡೆಯುತ್ತದೆ ಎಂದು ನಿನ್ನ ಅಪ್ಪ ನನ್ನ ಕೈಯಲ್ಲೇ ಮುಟ್ಟಿಸಿ ತೋರಿಸಿದರು. "ಮೊದಲು ಒಂದು ಗೇಣು ಎತ್ತು. ನಿಲ್ಲಿಸು. ಹಿಂದಿನಿಂದ ಅಲ್ಲಾಡಿಸಿ ನೋಡು. ಅದು ಮಿಸುಕದಿದ್ರೆ ಮಾತ್ರ ಮೇಲೆ" ಎಂದರು. ಗುಂಡಿ ಒತ್ತಿದೆ. ಚಕ್ರಗಳು ನೆಲ ಬಿಟ್ಟವು. ಹೋಗಿ ಅಲ್ಲಾಡಿಸಿದೆ, ಬಂಡೆಯ ಹಾಗೆ ಕೂತಿತ್ತು. ಮತ್ತೆ ಒತ್ತಿದೆ. ಟಕ್ ಟಕ್ ಎಂದು ಲಾಕುಗಳು ಬೀಳುತ್ತಾ ಕಾರು ನಮ್ಮ ತಲೆಗಿಂತ ಮೇಲೆ ಹೋಯಿತು. ನಾನು ಅಡಿಗೆ ಕಾಲಿಡುವುದರಲ್ಲಿದ್ದೆ, ತಡೆದರು. "ಇನ್ನೂ ಇಲ್ಲ. ಸ್ವಲ್ಪ ಇಳಿಸಿ ಲಾಕಿನ ಮೇಲೆ ಕೂರಿಸು. ಎಣ್ಣೆ ಒತ್ತಡ ನಂಬಿ ಅಡಿಗೆ ಹೋಗಬಾರದು, ಕಬ್ಬಿಣ ನಂಬಿ ಹೋಗಬೇಕು."

ಕೂರಿಸಿದೆ. ಆಮೇಲೆ ಅವರೇ ಮೊದಲು ಒಳಗೆ ಹೋದರು, ಬೆನ್ನು ನೆಟ್ಟಗೆ. ಹೊಸ ಮನೆಯ ಮಾಳಿಗೆ ನೋಡುವವರ ಹಾಗೆ ಕತ್ತೆತ್ತಿ, ಇಂಜಿನ್ನಿನಿಂದ ಹಿಂದಿನ ಚಕ್ರದವರೆಗೂ ನಡೆದು ನೋಡಿದರು. "ಇಷ್ಟು ವರ್ಷ ಇದನ್ನ ಮೂಗಿನ ತುದೀಲಿ ನೋಡಿದ್ದೆ. ಪೂರ್ತಿ ನೋಡಿದ್ದು ಇವತ್ತೇ" ಎಂದರು.

ಸ್ಪಾನರನ್ನು ಮಾತ್ರ ನನ್ನ ಕಡೆ ಚಾಚಿದರು. ನಿನ್ನ ಅಪ್ಪ ಈಗ ಗುರುಗಳು, ಗುರುಗಳು ಪಾಠ ಹೇಳುತ್ತಾರೆ, ಕೈ ಕೊಳೆ ಮಾಡಿಕೊಳ್ಳುವುದು ಶಿಷ್ಯರ ಪಾಲು. ಮೊದಮೊದಲು ನಾನು ನಟ್ಟುಗಳನ್ನು ಮೈಮೇಲೆ ಬಂದವರಂತೆ ಬಿಗಿಯುತ್ತಿದ್ದೆ. "ನಿಧಾನ. ಬಟ್ಟೆ ಎಳೆದ್ರೆ ಹರಿಯುತ್ತೆ, ನಟ್ಟು ಎಳೆದ್ರೆ ಥ್ರೆಡ್ಡು ಹೋಗುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಹೊಲಿಯೋಳಿಗೆ ನಾನು ಹೇಳಬೇಕಾ?" ಎನ್ನುತ್ತಿದ್ದರು. ಹಾಗೆಂದ ಮೇಲೆ ಕೈಗೆ ತಾನಾಗಿಯೇ ತಿಳಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎದುರುಮನೆಯ ನರ್ಸಮ್ಮನ ಕಾರಿನಡಿ ನೆಲ ಒದ್ದೆಯಾಗುತ್ತಿತ್ತು. ನಿನ್ನ ಅಪ್ಪ ಬೆರಳಿಗೆ ಸವರಿ ನೋಡಿ, ಬ್ರೇಕ್ ಆಯಿಲ್, ಈ ಕಾರನ್ನು ಓಡಿಸಕೂಡದು ಎಂದುಬಿಟ್ಟರು. ಆಸ್ಪತ್ರೆ ಇರುವುದು ಇಳಿಜಾರಿನ ಕೊನೆಯಲ್ಲಿ. ಅವರನ್ನು ಸ್ಟೇರಿಂಗಿಗೆ ಕೂರಿಸಿ, ನರ್ಸಮ್ಮನೂ ನಾನೂ ತಳ್ಳಿ ಕಾರನ್ನು ಶೆಡ್ಡಿಗೆ ತಂದೆವು. ಎತ್ತಿ ನೋಡಿದರೆ ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು ತುಕ್ಕು ತಿಂದು ಬೆವರುತ್ತಿತ್ತು. ಹಳೆಯದನ್ನು ಬಿಚ್ಚಿದೆ. ಹೊಸದನ್ನು ಕಾಲರಿನ ತಿರುವು ತಿರುಗಿಸುವ ಹಾಗೆ ನಯವಾಗಿ ಬಗ್ಗಿಸಿ ಕೂರಿಸಿದೆ. ಕಾರನ್ನು ಕೆಳಗಿಳಿಸಿ, ಪೈಪಿನೊಳಗಿನ ಗಾಳಿ ಹೊರಹಾಕಲು ನಿನ್ನ ಅಪ್ಪ ಒಳಗೆ ಕೂತು ಬ್ರೇಕ್ ಒತ್ತಿದರು, ನಾನು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಡುವ ತಿರುಪನ್ನು ತೆರೆದು ಮುಚ್ಚಿದೆ. "ಒತ್ತಿ" ಎಂದರೆ ಒತ್ತುತ್ತಿದ್ದರು, "ಬಿಡಿ" ಎಂದರೆ ಬಿಡುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತು ಇಷ್ಟು ನಡೆದದ್ದಿಲ್ಲ.

ನರ್ಸಮ್ಮ ಮೊದಲು ನಮ್ಮ ಬೀದಿಯಲ್ಲೇ ಮೆಲ್ಲಗೆ ಓಡಿಸಿ, ನಿಲ್ಲಿಸಿ ನೋಡಿ, ಆಮೇಲೆ ದೊಡ್ಡ ರಸ್ತೆಗೆ ಹೋದಳು. ನಾನು ಗೇಟಿನ ಹತ್ತಿರ ಬ್ರೇಕಿನ ಸದ್ದಿಗೆ ಕಿವಿಕೊಟ್ಟು ನಿಂತಿದ್ದೆ. ರವಿಕೆಯ ತೋಳು ಬಿಗಿಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಬ್ರೇಕು ಹಾಗಲ್ಲ. ಅವಳು ಬಂದು ಗೇಟಿನ ಮುಂದೆ ಗಕ್ಕನೆ ನಿಲ್ಲಿಸಿ ಇಳಿದು, "ಅಂಕಲ್, ನಿಮ್ಮ ಕೈಗುಣವೇ ಬೇರೆ" ಎಂದಳು.

"ನನ್ನ ಕೈ ಅಲ್ಲಮ್ಮ, ಇವಳದು" ಎಂದರು ನಿನ್ನ ಅಪ್ಪ. "ಈ ಶೆಡ್ಡಿಗೆ ಮೆಕ್ಯಾನಿಕ್ ಇವಳು. ನಾನು ಮಾತಿನವನು."

ನನಗೆ ಯಾರ ಮುಖ ನೋಡುವುದೋ ತಿಳಿಯದೆ, ಒರೆಸಿಟ್ಟ ಸ್ಪಾನರನ್ನೇ ತೆಗೆದು ಮತ್ತೆ ಒರೆಸಿದೆ. ಗುಬ್ಬಿ, ನಿನ್ನ ಅಮ್ಮನಿಗೆ ಈಗ ಜಂಬ ಬಂದಿದೆ. ಬರಲಿ ಬಿಡು. ನರ್ಸಮ್ಮ ಆಸ್ಪತ್ರೆಯಲ್ಲೆಲ್ಲ ಡಂಗುರ ಸಾರಿದ್ದಾಳೆ, ನಿನ್ನೆ ಒಬ್ಬ ಡಾಕ್ಟರು ಕಾರು ತಂದು ಬಿಟ್ಟುಹೋಗಿದ್ದಾರೆ. ಊಟಕ್ಕೆ ಕರೆದರೂ ನಿನ್ನ ಅಪ್ಪ ಶೆಡ್ಡಿನಿಂದ ಒಂದೇ ಕರೆಗೆ ಬರುವುದಿಲ್ಲ. ಅದು ಎಷ್ಟು ಒಳ್ಳೆಯ ಸುದ್ದಿ ಎಂದು ನಿನಗೆ ಗೊತ್ತು.

ಮುಂದಿನ ತಿಂಗಳು ಬಾ. ಖಾಲಿ ಮಾಡಿಸುವುದಕ್ಕಲ್ಲ, ನಿನ್ನ ಕಾರು ತೆಗೆದುಕೊಂಡು ಬಾ. ಎಡಕ್ಕೆ ತಿರುಗುವಾಗ ಅದು ನರಳುತ್ತದೆ, ಹೋದ ಸಲವೇ ಕೇಳಿಸಿಕೊಂಡಿದ್ದೇನೆ.

ನಿನ್ನನ್ನು ಹೆತ್ತವಳು, ಈ ಬೀದಿಯ ಮೆಕ್ಯಾನಿಕ್,
ಅಮ್ಮ

ಇನ್ನೊಂದು ಮಾತು: ಅಪ್ಪ ಈಗ ನಿದ್ದೆಯಲ್ಲಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಲಿಫ್ಟ್ ಹಾಕಿಸಿದ್ದು ಅವರ ಬೆನ್ನಿಗೆ ಎಂದು ಎಲ್ಲರಿಗೂ ಹೇಳಿದ್ದೇನೆ. ಬರೀ ಬೆನ್ನಿಗಲ್ಲ. ಅವರ ಕೈ ನಡುಗುತ್ತದೆ, ನಟ್ಟು ಹಿಡಿದರೆ ಜಾರಿ ಬೀಳುತ್ತದೆ. ಇದು ನಿಲ್ಲುವ ನಡುಕವಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿನಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಜಾಕ್ ಕೊಟ್ಟು ಎತ್ತಿದರೆ ಕಾರಿನಡಿ ಒಬ್ಬರಿಗಷ್ಟೇ ಜಾಗ. ಲಿಫ್ಟಿನಲ್ಲಿ ಎತ್ತಿದರೆ ಇಬ್ಬರು ನಿಲ್ಲಬಹುದು, ಅವರು ನೋಡಿ ಹೇಳಬಹುದು, ನಾನು ಮಾಡಬಹುದು. ನೀನು ಬಂದಾಗ ಏನೂ ಕೇಳಬೇಡ. ಅವರಿಗೆ ಕಾಫಿ ಕೊಡುವಾಗ ಲೋಟ ಅರ್ಧ ತುಂಬಿಸು, ಸಾಕು. ಬೇಕಾದರೆ ಅವರೇ ಇನ್ನೊಮ್ಮೆ ಕೇಳುತ್ತಾರೆ.