ಎರಡನೆಯ ಲೆನ್ಸೇ ಇರಲಿ

ಬೇವೂರು

ಮನೆಯವರಿಗೆ ಶೈಲಜಾಳ ನಮಸ್ಕಾರ.

ನಿಮ್ಮ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಎರಡು ಅಗ್ಗದ ಲೆನ್ಸ್‌ಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿ ಕಳಿಸಿದ ಫೋಟೊಗಳನ್ನು ನೋಡಿದೆ. ನಾನು ತವರಿಗೆ ಬರುವ ಮುಂಚೆ ತೆಗೆದವು. ಎರಡರಲ್ಲೂ ನಡುವೆ ಕುಳಿತವಳು ಪಕ್ಕದ ಮನೆಯ ಅನ್ನಪೂರ್ಣ. “ಆಕಿ ಒಂಚೂರೂ ಅಲುಗಾಡಂಗಿಲ್ಲ, ಫೋಕಸ್ ಛಲೋ ಸಿಗತೈತಿ” ಎಂದಿದ್ದಿರಿ. ಚಹಾ ಹಿಡಿದು ಅಂಚಿನಲ್ಲಿ ನಿಂತವಳು ನಾನು.

ಮೊದಲನೆಯ ಲೆನ್ಸಿನಲ್ಲಿ ಅವಳ ಮೂಗುತಿಯ ಹರಳೂ ಸ್ಪಷ್ಟವಾಗಿದೆ. ನನ್ನ ಮುಖ ಮಾತ್ರ ಕಲಸಿಹೋಗಿದೆ. ಎರಡನೆಯದರಲ್ಲಿ ನಡುಭಾಗ ತುಸು ಮಸುಕು, ಆದರೆ ಅಂಚಿನಲ್ಲಿ ನನ್ನ ಇಳಕಲ್ ಸೀರೆಯ ದಡಿಯೂ ಚೆನ್ನಾಗಿ ಕಾಣುತ್ತದೆ.

ಎರಡನೆಯದನ್ನೇ ಇಟ್ಟುಕೊಳ್ಳಿ. ಮೊದಲನೆಯದೇ ಬೇಕೆಂದರೆ ಸೋಮವಾರ ಬರುತ್ತೇನೆ, ಇನ್ನೊಮ್ಮೆ ಪರೀಕ್ಷೆ ಮಾಡೋಣ. ನಡುವೆ ನಾನು ಕೂರುತ್ತೇನೆ. ಚಹಾ ಆಕೆ ತರಲಿ.

ಇಂತಿ,
ನಿಮ್ಮನ್ನೇ ಕಟ್ಟಿಕೊಂಡ
ಶೈಲಜಾ